ಜೆನೆಸಿಸ್ ಹಗುರಾಗಿದ್ದು ಯಾವಾಗ, ಯಾರಿಂದ?

ಎರಡನೇ ಸಾಲು

ಬ್ರಿಟನ್ನಿನ ರಾಕ್ ಬ್ಯಾಂಡ್ ಜೆನೆಸಿಸ್ ಮಾತು ಬಂದಾಗಲೆಲ್ಲ ಅದೇ ಪಲ್ಲವಿ: "ಪೀಟರ್ ಗೇಬ್ರಿಯಲ್ ಹಾಡ್ತಿದ್ದಾಗ ಬ್ಯಾಂಡು, ಡ್ರಮ್ಮರ್ ಫಿಲ್ ಕಾಲಿನ್ಸ್ ಮೈಕ್ ಹಿಡಿದ ಮೇಲೆ ಜಾಹೀರಾತಿನ ಜಿಂಗಲ್ಲು." 1972ರ 'ಫಾಕ್ಸ್‌ಟ್ರಾಟ್'ನಲ್ಲಿ 'ಸಪ್ಪರ್ಸ್ ರೆಡಿ' ಒಂದೇ ಹಾಡು ಸುಮಾರು 23 ನಿಮಿಷ. 1986ರ 'ಇನ್‌ವಿಸಿಬಲ್ ಟಚ್' ಮೂರೂವರೆ ನಿಮಿಷದೊಳಗೆ ಮುಗಿದುಹೋಗುತ್ತೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿದರೆ ಒಂದೇ ಬ್ಯಾಂಡ್ ಅಂತ ಯಾರೂ ನಂಬಲ್ಲ. ಆದರೂ ಕಾಲಿನ್ಸ್ ಒಬ್ಬರ ತಲೆಗೆ ಕಟ್ಟೋದು ಯಾಕೋ ಸರಿ ಅನ್ನಿಸ್ತಿಲ್ಲ.

ಗೊತ್ತಿರೋರು ವಿವರವಾಗಿ ಹೇಳಿ. ತಿರುವು ನಿಜವಾಗಿ ಯಾವ ಆಲ್ಬಂನಲ್ಲಿ, ಏನು ಬದಲಾಗಿದ್ದರಿಂದ? 'ಟರ್ನ್ ಇಟ್ ಆನ್ ಅಗೇನ್' ಪಾಪ್ ಹಾಡು ಅಂತಾರೆ, ಮತ್ತೆ ಅದಕ್ಕೆ ಚಪ್ಪಾಳೆ ಹಾಕೋಕೆ ಹೋದ್ರೆ ಕೈ ಯಾಕೆ ತಪ್ಪುತ್ತೆ? ಆ ಕಾಲದ 'ಧಡ್' ಅಂತ ಬಂದು ಕತ್ತರಿಸಿದ ಹಾಗೆ ನಿಲ್ಲೋ ಡ್ರಮ್ ಸದ್ದನ್ನ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಕಟ್ಟೋದು ಹೇಗೆ? ಕೇಳೋ ಕ್ರಮವನ್ನೂ ಯಾರಾದರೂ ಹಾಕಿಕೊಟ್ಟರೆ ಒಳ್ಳೇದು.

ಬಿ ಸೈಡ್

ಗೇಬ್ರಿಯಲ್-ಕಾಲಿನ್ಸ್ ಲೆಕ್ಕವನ್ನ ಮೊದಲು ಬಿಡಿ, ತಾರೀಖುಗಳೇ ಅದಕ್ಕೆ ಒಪ್ಪಲ್ಲ. ಗೇಬ್ರಿಯಲ್ ಹೊರಟಿದ್ದು 1975ರಲ್ಲಿ. ಮರುವರ್ಷ ಕಾಲಿನ್ಸ್ ಹಾಡಿದ ಎರಡು ಆಲ್ಬಂ ಬಂದವು: 'ಎ ಟ್ರಿಕ್ ಆಫ್ ದ ಟೇಲ್', ಆಮೇಲೆ 'ವಿಂಡ್ ಅಂಡ್ ವದರಿಂಗ್'. ಮೊದಲನೆಯದರ ಮೊದಲ ಹಾಡು 'ಡ್ಯಾನ್ಸ್ ಆನ್ ಎ ವಾಲ್ಕೇನೊ' ಶುರುವಾಗೋದೇ 7/8ರಲ್ಲಿ, ಅಂದ್ರೆ ಆವರ್ತಕ್ಕೆ ಏಳು ಎಣಿಕೆ. ಇದರಲ್ಲಿ ಹಗುರವಾದ್ದು ಏನೂ ಇಲ್ಲ. ಎರಡನೆಯದರಲ್ಲಿ ಪಾಪ್ ವಾಸನೆ ಬರೋದು 'ಯುವರ್ ಓನ್ ಸ್ಪೆಷಲ್ ವೇ'ನಲ್ಲಿ, ಅದು ಬ್ಯಾಂಡಿನ ಬೇಸ್ ವಾದಕ ಮೈಕ್ ರುದರ್‌ಫರ್ಡ್ ಬರೆದಿದ್ದು. 1978ರಲ್ಲಿ ಬ್ರಿಟನ್ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಹೋದ 'ಫಾಲೋ ಯು ಫಾಲೋ ಮಿ'ಗೂ ಸಾಹಿತ್ಯ ರುದರ್‌ಫರ್ಡ್‌ದೇ. ಮುಂದೆ 'ಮೈಕ್ ಅಂಡ್ ದ ಮೆಕ್ಯಾನಿಕ್ಸ್' ಕಟ್ಟಿಕೊಂಡು 1989ರಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹಾಡು ಕೊಂಡೊಯ್ದ ಮನುಷ್ಯ ಅವರು. ಬೈಗುಳ ಮಾತ್ರ ಕಾಲಿನ್ಸ್‌ಗೆ.

ಇನ್ನೂ ಹಿಂದಕ್ಕೆ ಹೋದರೆ 1968. ಜೆನೆಸಿಸ್ ಕಟ್ಟಿದ ಚಾರ್ಟರ್‌ಹೌಸ್ ಶಾಲೆಯ ಹುಡುಗರು ತಮ್ಮ ನಿರ್ಮಾಪಕರಿಗೆ ಬೀ ಜೀಸ್ ಅನ್ನೋ ಪಾಪ್ ತಂಡ ಇಷ್ಟ ಅಂತ ಆ ಥರದ್ದೇ ಒಂದು ಹಾಡು, 'ದ ಸೈಲೆಂಟ್ ಸನ್', ಬರೆದು ಕೊಟ್ಟರು. ಮೊದಲ ಆಲ್ಬಂ ತುಂಬ ಚಿಕ್ಕ ಚಿಕ್ಕ ಪಾಪ್ ಹಾಡುಗಳು, ಮೇಲೆ ತಂತಿವಾದ್ಯಗಳ ಲೇಪ. ಹಾಡಿದ್ದು ಗೇಬ್ರಿಯಲ್!

ಹಾಗಾದರೆ ಬದಲಾಗಿದ್ದು ಏನು? ಕೆಲಸ ಮಾಡೋ ರೀತಿ. ನನ್ನ ಪ್ರಕಾರ ಇಡೀ ಜಗಳಕ್ಕೆ ಉತ್ತರ ಅಲ್ಲಿದೆ.

1977ರಲ್ಲಿ ಗಿಟಾರಿಸ್ಟ್ ಸ್ಟೀವ್ ಹ್ಯಾಕೆಟ್ ಬಿಟ್ಟರು. ತಮ್ಮ ರಚನೆಗಳಿಗೆ ಜಾಗ ಸಿಗ್ತಿಲ್ಲ ಅನ್ನೋ ಅಸಮಾಧಾನ ಇತ್ತು. ಆಮೇಲೆ ಸ್ಟುಡಿಯೊದಲ್ಲಿ ಲೀಡ್ ಗಿಟಾರನ್ನೂ ಬೇಸ್ ನುಡಿಸೋ ರುದರ್‌ಫರ್ಡ್ ಅವರೇ ನುಡಿಸಬೇಕಾಯಿತು. ಉದ್ದಕ್ಕೆ ಎಳೆದು ಹಾಡೋ ಗಿಟಾರ್ ಸೋಲೊ ಹೋಗಿ ಚಿಕ್ಕ ರಿಫ್ (ಮರಳಿ ಮರಳಿ ಬರೋ ಸ್ವರಗುಚ್ಛ), ಕತ್ತರಿಸಿ ಹೊಡೆಯೋ ಸ್ವರಮೇಳ ಬಂದವು. ವೇದಿಕೆಗೆ ಡ್ಯಾರಿಲ್ ಸ್ಟರ್ಮರ್ ಬಂದರು, ಆದರೆ ರಚನೆಯ ಕೋಣೆಯಲ್ಲಿ ಉಳಿದವರು ಮೂವರೇ: ಕಾಲಿನ್ಸ್, ರುದರ್‌ಫರ್ಡ್, ಕೀಬೋರ್ಡಿನ ಟೋನಿ ಬ್ಯಾಂಕ್ಸ್.

ಆಮೇಲೆ ಯಂತ್ರ. 1980ರ 'ಡ್ಯೂಕ್' ಆಲ್ಬಂನ 'ಡಚೆಸ್' ಹಾಡಿನ ಮೊದಲ ಭಾಗವನ್ನ ಹೆಡ್‌ಫೋನ್‌ನಲ್ಲಿ ಕೇಳಿ. ಮೆಲ್ಲಗೆ ಟಿಕ್-ಟಕ್ ಅನ್ನೋ ಸದ್ದು ರೋಲ್ಯಾಂಡ್ ಸಿಆರ್-78, ಬ್ಯಾಂಡಿನ ಹಾಡಲ್ಲಿ ಡ್ರಮ್ ಮೆಷಿನ್ ಬಂದಿದ್ದು ಅದೇ ಮೊದಲು. ಅದು ತನ್ನಷ್ಟಕ್ಕೆ ಸುತ್ತುತ್ತಿರುತ್ತೆ, ಮೇಲೆ ಟೋನಿ ಬ್ಯಾಂಕ್ಸ್ ಕೀಬೋರ್ಡ್ ಒಂದೊಂದೇ ಪದರ ಹಾಸುತ್ತಾ ಹೋಗ್ತಾರೆ, ನಿಜವಾದ ಡ್ರಮ್ ಎಷ್ಟೋ ಹೊತ್ತಾದ ಮೇಲೆ ಒಳಗೆ ಬರುತ್ತೆ. ಮುಂದಿನ ಹತ್ತು ವರ್ಷದ ಜೆನೆಸಿಸ್‌ಗೆ ನೀಲಿನಕ್ಷೆ ಇದು.

ಯಾಕೆ ಅಂದ್ರೆ ಅಲ್ಲಿವರೆಗೆ ಡ್ರಮ್ ನುಡಿಸೋನು, ಹಾಡೋನು ಒಬ್ಬನೇ. ಹಾಡು ಕಟ್ಟುವಾಗ ಎರಡೂ ಕೈ, ಎರಡೂ ಕಾಲು ಡ್ರಮ್‌ಗೆ ಬೇಕು. ಯಂತ್ರ ಬಂದ ಮೇಲೆ ಕಾಲಿನ್ಸ್ ಮೈಕ್ ಮುಂದೆ ನಿಂತು ಬಾಯಿಗೆ ಬಂದ ಪದ ಹಾಕಿ ರಾಗ ಹುಡುಕಬಹುದು, ಬ್ಯಾಂಕ್ಸ್ ಮತ್ತು ರುದರ್‌ಫರ್ಡ್ ಅದರ ಮೇಲೆ ನುಡಿಸ್ತಾ ಹೋಗಬಹುದು, ಟೇಪ್ ಓಡ್ತಾ ಇರುತ್ತೆ, ಆಮೇಲೆ ಕೇಳಿ ಚೆನ್ನಾಗಿರೋದನ್ನ ಹೆಕ್ಕೋದು. ಹಳೇ ಕ್ರಮ ಬೇರೆ ಇತ್ತು: ಒಬ್ಬರು ಪಿಯಾನೊ ತುಣುಕು ತರೋದು, ಇನ್ನೊಬ್ಬರು 12 ತಂತಿ ಗಿಟಾರ್ ತುಣುಕು ತರೋದು, ಅವನ್ನ ಬೆಸೆಯೋದು. ತಾಳ, ಶ್ರುತಿ, ವೇಗ ಬದಲಾಗ್ತಿದ್ದದ್ದು ಆ ಬೆಸುಗೆಯ ಜಾಗಗಳಲ್ಲೇ. ಒಂದೇ ಪ್ಯಾಟರ್ನ್ ಗಂಟೆಗಟ್ಟಲೆ ಸುತ್ತೋ ಕೋಣೆಯಲ್ಲಿ ಬೆಸುಗೆಯ ಅಗತ್ಯವೇ ಬೀಳಲ್ಲ.

ಅನುಮಾನ ಇದ್ದರೆ ಆಲ್ಬಂಗಳ ಮೇಲಿನ ರಚನಕಾರರ ಹೆಸರು ನೋಡಿ. 'ಡ್ಯೂಕ್'ನಲ್ಲಿ ಮೂವರದ್ದೂ ತಲಾ ಎರಡು ಸ್ವಂತ ಹಾಡು, ಉಳಿದವು ಒಟ್ಟಿಗೆ. 1981ರ 'ಆ್ಯಬಕ್ಯಾಬ್'ನಲ್ಲಿ ತಲಾ ಒಂದು. 1983ರ 'ಜೆನೆಸಿಸ್'ನಿಂದ ಸ್ವಂತ ಹಾಡು ಸೊನ್ನೆ, ಎಲ್ಲವೂ ಮೂವರ ಹೆಸರಲ್ಲಿ. ಎರಡು, ಒಂದು, ಸೊನ್ನೆ. ಚಿಕ್ಕ ಹಾಡು ಜಾಸ್ತಿ ಆಗಿದ್ದೂ ಇದೇ ಇಳಿಜಾರಲ್ಲಿ.

ಕೊನೇದು ಜಾಗ, ಜನ. 1976ರಿಂದ 'ಡ್ಯೂಕ್'ವರೆಗೆ ಡೇವಿಡ್ ಹೆಂಟ್ಶೆಲ್ ಜೊತೆ ನಿರ್ಮಾಣ. 'ಆ್ಯಬಕ್ಯಾಬ್' ಹೊತ್ತಿಗೆ ಸರ್ರಿಯ ಚಿಡಿಂಗ್‌ಫೋಲ್ಡ್‌ನಲ್ಲಿ ಸ್ವಂತ ಸ್ಟುಡಿಯೊ, 'ದ ಫಾರ್ಮ್'. ಬಾಡಿಗೆ ಗಡಿಯಾರ ಇಲ್ಲ, ಜ್ಯಾಮ್ ಮಾಡ್ತಾ ಕೂರಬಹುದು. ಧ್ವನಿ ಹೊಣೆ ಹ್ಯೂ ಪ್ಯಾಡ್ಜಮ್‌ಗೆ. ಹಳೇ ಜೆನೆಸಿಸ್ ಥರ ಕೇಳಿಸಿದ್ದನ್ನ ಬೇಕಂತಲೇ ಪಕ್ಕಕ್ಕಿಟ್ಟು ಮುಂದೆ ಹೋದರು. 'ನೋ ರಿಪ್ಲೈ ಅಟ್ ಆಲ್'ಗೆ ಅರ್ಥ್, ವಿಂಡ್ ಅಂಡ್ ಫೈರ್ ತಂಡದ ಕಹಳೆಗಳನ್ನ ಕರೆಸಿದರು. ತಿರುವು ಯಾವ ಆಲ್ಬಂ ಅಂತ ಒಂದೇ ಹೆಸರು ಕೇಳಿದರೆ ನಾನು ಇದನ್ನ ಹೇಳ್ತೀನಿ. 'ಇನ್‌ವಿಸಿಬಲ್ ಟಚ್' ಹೊತ್ತಿಗೆ ತಿರುವು ಮುಗಿದು ಐದು ವರ್ಷ ಆಗಿತ್ತು.

ಹುಬ್ಬಳ್ಳಿ ಬೇಸ್

ಬಿ ಸೈಡ್ ಹೇಳಿದ್ದೆಲ್ಲಾ ಖರೆ, ಆದ್ರ ಅದು ಕಾರಣ ಆತು, ಸಮರ್ಥನೆ ಆಗಲಿಲ್ಲ. ಮಷಿನ್ ತಂದಾವ್ರು ಅವ್ರ, ಅದನ್ನ ಬಂದ್ ಮಾಡೂ ಗುಂಡಿನೂ ಅವ್ರ ಕೈಯಾಗ ಇತ್ತು.

ಉದ್ದ-ಗಿಡ್ಡದ ಜಗಳ ನಂದಲ್ಲ. ಉದ್ದ ಹಾಡು ಕಡೀತನಕ ಇದ್ದವು. 'ಹೋಮ್ ಬೈ ದ ಸೀ'ದ ಎರಡೂ ಭಾಗ ಕೂಡಿಸಿದ್ರ 11 ನಿಮಿಷ, 'ಡಾಮಿನೊ' ಹತ್ತೂವರೆ ದಾಟತೈತಿ, 1991ರ 'ವಿ ಕಾಂಟ್ ಡ್ಯಾನ್ಸ್'ನ್ಯಾಗ ಹತ್ತ್ಹತ್ತು ನಿಮಿಷದ ಎರಡು ಅದಾವ. ನನ್ನ ತಕರಾರು ಸಣ್ಣ ದನಿ ಎಲ್ಲಿ ಹೋತು ಅನ್ನೂದು. 1971ರ 'ದ ಮ್ಯೂಸಿಕಲ್ ಬಾಕ್ಸ್' ಕೇಳ್ರಿ: 12 ತಂತಿ ಗಿಟಾರು ಒಂದರಾಗ ಒಂದು ಹೆಣಕೊಂಡು ಉಸುರು ಕೇಳೂವಷ್ಟು ಸಣ್ಣಗ ಶುರು ಆಗಿ, ಕಡೀಕ ಮೈಮ್ಯಾಲೆ ಬರೂ ಹಂಗ ಏಳತೈತಿ. 1986ರಾಗ ಆ ಏರಿಳಿತಕ್ಕ ಜಾಗಾನ ಇಲ್ಲ. ಯಾಕಂದ್ರ ಪ್ರತಿ ಸ್ನೇರ್ (ಚಟ್ ಅನ್ನೂ ಡ್ರಮ್) ಪೆಟ್ಟಿನ ಹಿಂದ ಗೇಟ್ (ಸದ್ದನ್ನ ಥಟ್ಟನ ಬಂದ್ ಮಾಡೂ ಉಪಕರಣ) ಹಾಕಿದ ರಿವರ್ಬ್ (ಕೋಣೆಯ ಗುಂಗು) ಗ್ವಾಡಿ ಹಂಗ ನಿಂತಿರತೈತಿ, ಟಾಮ್ ಡ್ರಮ್ ಬದಲಿ ಸಿಮನ್ಸ್ ಎಲೆಕ್ಟ್ರಾನಿಕ್ ಪ್ಯಾಡು. ಸಿಮನ್ಸ್ ಟಾಮ್ ಮೆಲ್ಲಕ ಹೊಡದ್ರೂ ಜೋರಾಗಿ ಹೊಡದ್ರೂ ಸದ್ದಿನ ಬಣ್ಣ ಹೆಚ್ಚುಕಡಿಮಿ ಅದ. ತೊಗಲಿನ ಡ್ರಮ್ ಹಂಗಲ್ರಿ, ಕೋಲು ಎಲ್ಲಿ ಬಿತ್ತು, ಎಷ್ಟು ಭಾರ ಬಿತ್ತು ಅನ್ನೂದರ ಮ್ಯಾಲೆ ದನಿ ಬ್ಯಾರೆ.

ಪಾಪ್ ಅಂದ್ರ ಪಾಪ ಅಂತ ನಾ ಅನ್ನಾಂಗಿಲ್ಲ. 1986ರ ಜುಲೈದಾಗ 'ಇನ್‌ವಿಸಿಬಲ್ ಟಚ್' ಅಮೆರಿಕದಾಗ ಒಂದನೇ ನಂಬರ್ ಆತು. ಮುಂದಿನ ವಾರ ಅದನ್ನ ಇಳಿಸಿದ್ದು ಯಾವುದು? ಗೇಬ್ರಿಯಲ್‌ಂದು 'ಸ್ಲೆಡ್ಜ್‌ಹ್ಯಾಮರ್'. ಅದೂ ಪಾಪ್, ಕುಣಿಯೂ ಹಾಡ. ಆದ್ರ ಡ್ರಮ್ ಮ್ಯಾಲೆ ಮಾನು ಕಾಚೆ, ಬೇಸ್ ಟೋನಿ ಲೆವಿನ್, ಕಹಳೆ ಊದಾವ್ರು ಮನುಷ್ಯಾರು. ಎರಡೂ ಒಂದರ ಹಿಂದ ಒಂದು ಹಾಕಿ ಬರೇ ಬೇಸ್ ಮತ್ತ ಸ್ನೇರ್ ಕೇಳ್ರಿ. ಪಾಪ್ ಕಡೆ ಹೋಗಾಕ ಎರಡು ದಾರಿ ಇದ್ದವು, ಇವ್ರು ಸೋವಿ ದಾರಿ ಹಿಡದ್ರು. ಹಳೇ ಅಭಿಮಾನಿಗಳು ಆಗಲೇ ಗುರುತು ಹಿಡದಿದ್ರು, 1981ರಾಗ ಹಾಲೆಂಡ್‌ನ ಲೈಡನ್‌ದಾಗ 'ಆ್ಯಬಕ್ಯಾಬ್' ಆಲ್ಬಂನ ಹಾಡುಗಳಿಗೆ ಜನ ಹೋ ಅಂತ ಕೂಗಿ ಅಸಮಾಧಾನ ತೋರಿಸ್ಯಾರ.

ತಕದಿಮಿ

ಚಪ್ಪಾಳೆ ಪ್ರಶ್ನೆಗೆ ಬರ್ತೀನಿ. ಹುಬ್ಬಳ್ಳಿಯವರ ಮಾತಿಗೂ ಅಲ್ಲೇ ಒಂದು ಉತ್ತರ ಇದೆ.

'ಟರ್ನ್ ಇಟ್ ಆನ್ ಅಗೇನ್' ಚರಣದ ಆವರ್ತ 13 ಅಕ್ಷರ. ಕೆಲವರು 13/8 ಅಂತ ಬರೀತಾರೆ, ಕೆಲವರು 13/4, ಎಣಿಸೋ ವೇಗದ ವ್ಯತ್ಯಾಸ ಅಷ್ಟೇ. ಒಡೆಯೋದು 6 + 7. ರುದರ್‌ಫರ್ಡ್ ರಿಫ್ ಬರೆದಾಗ ಎಣಿಸಿರಲಿಲ್ಲ, ಇದು 13 ಅಂತ ತೋರಿಸಿದ್ದು ಕಾಲಿನ್ಸ್. 'ಬ್ಯಾಂಡನ್ನ ಕೆಡಿಸಿದ' ಆಸಾಮಿಯೇ!

ಕೈ ತಪ್ಪೋದು ಯಾಕೆ ಅಂದ್ರೆ ರಾಕ್ ಹಾಡಿಗೆ ನಾವು ಎರಡು ಅಕ್ಷರಕ್ಕೊಂದು ಚಪ್ಪಾಳೆ ಹಾಕ್ತೀವಿ: 2, 4, 6, 8, 10, 12. ಮುಂದಿನ ಚಪ್ಪಾಳೆ 14ಕ್ಕೆ ಬೀಳಬೇಕು, ಆದರೆ 13ಕ್ಕೆ ಆವರ್ತ ಮುಗಿದಿದೆ. ಹಾಗಾಗಿ ನಿಮ್ಮ 14 ಅಂದ್ರೆ ಹಾಡಿನ ಹೊಸ 1. ಎರಡನೇ ಆವರ್ತದಲ್ಲಿ ಚಪ್ಪಾಳೆ ಎಲ್ಲ ಬೆಸಸಂಖ್ಯೆಗೆ ಬೀಳುತ್ತೆ, 1, 3, 5 ಹೀಗೆ. ತಾವು ತಪ್ಪಿದೆವು ಅಂದುಕೊಂಡು ಅಲ್ಲಿ ನಿಲ್ಲಿಸಿಬಿಡ್ತಾರೆ. ನಿಲ್ಲಿಸದೆ ಹೊಡೀತಾ ಹೋದ್ರೆ 26ಕ್ಕೆ, ಎರಡು ಆವರ್ತ ಮುಗಿದಾಗ, ಮತ್ತೆ ಮೊದಲಿನ ಜಾಗಕ್ಕೆ ಬರ್ತೀರಿ.

ಕೂತು ಅಭ್ಯಾಸ ಮಾಡೋದಾದರೆ ಹಾಡು ಹಾಕಬೇಡಿ. ಮೆಟ್ರೊನೋಮ್ ಸುಮಾರು 80ಕ್ಕೆ ಇಟ್ಟು ಬಾಯಲ್ಲಿ: ತ ಕಿ ಟ ತ ಕಿ ಟ | ತ ಕಿ ಟ ತ ಕ ದಿ ಮಿ. ಎರಡನೇ ಅರ್ಧ ನಮ್ಮ ಮಿಶ್ರ ಛಾಪಿನ ಒಂದು ಆವರ್ತ, ಅದಕ್ಕೆ ಮುಂಚೆ ಎರಡು ತಿಶ್ರ. ಹತ್ತು ಸಲ ತಪ್ಪದೆ ಬಂದ ಮೇಲೆ ವೇಗ ಏರಿಸಿ, ಆಮೇಲೆ ಹಾಡು. ಎಲ್ಲರೂ ಮಾಡೋ ತಪ್ಪು, 'ಮಿ' ಆದ ಮೇಲೆ ಉಸಿರು ತಗೊಳ್ಳೋಕೆ ಅರ್ಧ ಅಕ್ಷರ ಕದಿಯೋದು. ಅಲ್ಲಿ 13 ಹೋಗಿ ಹದಿಮೂರೂವರೆ ಆಗುತ್ತೆ, ಹಾಡು ನಿಮ್ಮನ್ನ ಬಿಟ್ಟು ಮುಂದೆ ಹೋಗಿರುತ್ತೆ. ಉಸಿರು ಆರರ ನಂತರ ತಗೊಳ್ಳಿ.

ಇನ್ನು ಹಗುರದ ಮಾತು. 'ಸಪ್ಪರ್ಸ್ ರೆಡಿ'ಯ 9/8 ಭಾಗದಲ್ಲಿ ರುದರ್‌ಫರ್ಡ್ ಕೈಲಿರೋದು ಮೂರೇ ಸ್ವರ: ಇ, ಎಫ್ ಶಾರ್ಪ್, ಬಿ. ಇ ಅನ್ನ ಷಡ್ಜ ಅಂದುಕೊಂಡರೆ ಸ, ಚತುಶ್ರುತಿ ರಿಷಭ, ಪ. ಗಾಂಧಾರ ಇಲ್ಲ ನೋಡಿ, ಅದಕ್ಕೇ ಮೇಲೆ ಬ್ಯಾಂಕ್ಸ್ ಮೇಜರ್ ಹಾಕಿದರೂ ನಡೆಯುತ್ತೆ, ಮೈನರ್ ಹಾಕಿದರೂ ನಡೆಯುತ್ತೆ. ತಂಬೂರಿ ಥರ ಕೆಳಗೆ ಒಂದು ಆಧಾರ ಕೂತಿರೋದು, ಮೇಲೆ ಸ್ವರಮೇಳ ಎಲ್ಲಿಗೆ ಬೇಕಾದರೂ ತಿರುಗೋದು. ಬ್ಯಾಂಕ್ಸ್ ಕೈಗುಣವೇ ಅದು. ಈಗ 1983ರ 'ಮಾಮಾ' ಹಾಕಿ. ಕೆಳಗೆ ಎಳೆದು ಹಿಡಿದ ಒಂದು ಸ್ವರ, ಮೇಲೆ ಅದಕ್ಕೆ ಒಗ್ಗದ ಸ್ವರಮೇಳಗಳು ಬಂದು ಹೋಗ್ತಾವೆ. ಅದೇ ಉಪಾಯ, ಬಟ್ಟೆ ಬೇರೆ. ಹಾಗಾಗಿ ನನ್ನ ಕಿವಿಗೆ ಹೋಗಿದ್ದು ತಾಳದ ಸಿಕ್ಕು, ಸ್ವರದ ಸಿಕ್ಕು ಉಳಿಯಿತು.

ಹುಬ್ಬಳ್ಳಿ ಬೇಸ್

'ಮಾಮಾ' ಬಗ್ಗೆ ಎದುರು ಮಾತಾಡಂಗಿಲ್ಲ, ಅದು ಬ್ಯಾರೆನ ಮಾತು. ಆದ್ರ ಆರನ್ನ ತಕಿಟ ತಕಿಟ ಅಂತ ಒಡದ್ರ ಒತ್ತು 4ಕ್ಕ ಬೀಳತೈತಿ, ವಾಲ್ಟ್ಜ್ ಆಗತೈತಿ. ರಾಕ್ ನಡಿಗೆ ಬೇಕಂದ್ರ ತಕ ತಕ ತಕ | ತಕ ತಕ ತಕಿಟ ಅನ್ರಿ. ಕಡೀ ಮೂರರಾಗ ಒಂದು ಅಕ್ಷರ ಜಾಸ್ತಿ ಐತಿ ಅನ್ನೂದು ಕಾಲಿಗೆ ಗೊತ್ತಾಗತೈತಿ.

ತಕದಿಮಿ

ಒಪ್ಪಿದೆ. ಎಣಿಕೆ ಕಲಿಯೋಕೆ ನಂದು, ಕಾಲಲ್ಲಿ ತಟ್ಟೋಕೆ ನಿಮ್ಮದು.

ಫೇಡರ್

ಡ್ರಮ್ ಸದ್ದಿನ ಪ್ರಶ್ನೆ ಹಾಗೇ ಉಳಿದಿದೆ.

ಅದು ಹುಟ್ಟಿದ್ದು ಜೆನೆಸಿಸ್ ಆಲ್ಬಂನಲ್ಲಲ್ಲ, 1980ರ ಗೇಬ್ರಿಯಲ್ ಮೂರನೇ ಆಲ್ಬಂನಲ್ಲಿ, 'ಇನ್‌ಟ್ರೂಡರ್' ಹಾಡಿಗೆ. ಜಾಗ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊ, ನಿರ್ಮಾಪಕ ಸ್ಟೀವ್ ಲಿಲಿವೈಟ್, ಎಂಜಿನಿಯರ್ ಪ್ಯಾಡ್ಜಮ್, ಡ್ರಮ್ ಮೇಲೆ ಕಾಲಿನ್ಸ್. ಅಲ್ಲಿನ ಎಸ್‌ಎಸ್‌ಎಲ್ ಕನ್ಸೋಲ್‌ನಲ್ಲಿ (ಸದ್ದು ಬೆರೆಸೋ ದೊಡ್ಡ ಮಿಕ್ಸರ್), ಕೋಣೆಯೊಳಗಿನ ಕಲಾವಿದರು ಮಾತಾಡಿದ್ದು ಕಂಟ್ರೋಲ್ ರೂಮಿಗೆ ಕೇಳಿಸಲಿ ಅಂತ ಒಂದು ಮೈಕ್ ನೇತುಹಾಕಿರ್ತಿದ್ದರು. ದೂರದ ಪಿಸುಮಾತೂ ಕೇಳಿಸಬೇಕಲ್ಲ, ಅದಕ್ಕೆ ಅದರ ದಾರಿಯಲ್ಲಿ ವಿಪರೀತ ಕಂಪ್ರೆಸರ್ (ಜೋರು ಸದ್ದನ್ನ ತುಳಿದು ಸಣ್ಣದನ್ನ ಎತ್ತೋ ಉಪಕರಣ). ಕಾಲಿನ್ಸ್ ನುಡಿಸ್ತಿದ್ದಾಗ ಆ ಗುಂಡಿ ತೆರೆದಿತ್ತು, ಕೇಳಿದರೆ ಆನೆ ನಡೆದ ಹಾಗೆ ಸದ್ದು. ರೆಕಾರ್ಡ್ ಮಾಡೋಕೆ ಆಗೋ ಹಾಗೆ ಅದಕ್ಕೆ ವೈರ್ ಎಳೆಸಿ, ಮೇಲೆ ಗೇಟ್ ಹಾಕಿದರು. ಆ ಆಲ್ಬಂನಲ್ಲಿ ಸಿಂಬಲ್ (ಡ್ರಮ್ ಸೆಟ್‌ನ ಲೋಹದ ತಾಳ) ಬೇಡ ಅಂತ ಗೇಬ್ರಿಯಲ್ ಕಟ್ಟಪ್ಪಣೆ ಮಾಡಿದ್ದರು. ಉಪಾಯ ಕೆಲಸ ಮಾಡಿದ್ದಕ್ಕೆ ಅದೂ ಒಂದು ಕಾರಣ, ಕೆಳಗೆ ಗೊತ್ತಾಗುತ್ತೆ.

ರೀಪರ್‌ನಲ್ಲಿ ಹೀಗೆ ಮಾಡಿ. ಹೊಸ ಟ್ರ್ಯಾಕ್ ತೆಗೆದು 'ರೂಮ್' ಅಂತ ಹೆಸರಿಟ್ಟು ಚಾನೆಲ್ ಸಂಖ್ಯೆ 4 ಮಾಡಿ. ಸ್ನೇರ್ ಟ್ರ್ಯಾಕಿನಿಂದ ಇದಕ್ಕೆ ಎರಡು ಸೆಂಡ್ (ಸದ್ದಿನ ನಕಲು ಕಳಿಸೋ ದಾರಿ): ಒಂದು 1/2ರಿಂದ 1/2ಕ್ಕೆ, ಇನ್ನೊಂದು 1/2ರಿಂದ 3/4ಕ್ಕೆ. ಮೊದಲನೆಯದು ರಿವರ್ಬ್‌ಗೆ ಆಹಾರ, ಎರಡನೆಯದು ಗೇಟ್‌ಗೆ ಬೀಗದಕೈ. ರೂಮ್ ಟ್ರ್ಯಾಕ್ ಮೇಲೆ ಪ್ಲಗಿನ್ ಇದೇ ಕ್ರಮದಲ್ಲಿ: ರಿವರ್ಬ್, ಕಂಪ್ರೆಸರ್, ಗೇಟ್.

ರಿವರ್ಬ್: ದೊಡ್ಡ ಕೋಣೆ, ಸುಮಾರು 2 ಸೆಕೆಂಡ್, ಪ್ರಿ-ಡಿಲೇ 0, ಒಣ ಸದ್ದು ಪೂರ್ತಿ ಬಂದ್. ರಿಯಾಕಂಪ್ (ರೀಪರ್‌ನ ಕಂಪ್ರೆಸರ್): ರೇಶಿಯೊ 10:1 ಅಥವಾ ಮೇಲೆ, ಅಟ್ಯಾಕ್ 3 ಮಿಲಿಸೆಕೆಂಡ್ ಆಸುಪಾಸು, ರಿಲೀಸ್ 80, ಥ್ರೆಶೋಲ್ಡ್ ಎಳೆದು ಮೀಟರ್ 15ರಿಂದ 20 ಡೆಸಿಬೆಲ್ ತುಳಿಯೋವರೆಗೆ ಇಳಿಸಿ. ರಿಯಾಗೇಟ್ (ರೀಪರ್‌ನ ಗೇಟ್): ಡಿಟೆಕ್ಟರ್ ಇನ್‌ಪುಟ್ ಆಕ್ಸಿಲರಿ (3/4), ಅಟ್ಯಾಕ್ 0ಯಿಂದ 1, ಹೋಲ್ಡ್ 180, ರಿಲೀಸ್ 30.

ಹೋಲ್ಡ್ (ಗೇಟ್ ತೆರೆದೇ ಇರೋ ಹೊತ್ತು) ಅನ್ನೋದನ್ನ ಕಣ್ಣುಮುಚ್ಚಿ ಇಡಬೇಡಿ. 60,000ವನ್ನ ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿ, 120 ಬಿಪಿಎಂ ಆದರೆ ಒಂದು ಬೀಟ್ 500 ಮಿಲಿಸೆಕೆಂಡ್, ಅರ್ಧ 250. ಹೋಲ್ಡ್ ಮತ್ತು ರಿಲೀಸ್ ಕೂಡಿ ಆ ಅರ್ಧ ಬೀಟಿನ ಒಳಗೇ ಮುಗಿದರೆ ಪೆಟ್ಟು-ಪೆಟ್ಟಿನ ನಡುವೆ ಖಾಲಿ ಜಾಗ ಉಳಿಯುತ್ತೆ. ಸದ್ದು ದೊಡ್ಡದು ಅನ್ನಿಸೋದೇ ಆ ಖಾಲಿಯಿಂದ.

ಎಲ್ಲಿ ಕೆಡುತ್ತೆ ಅಂದ್ರೆ, ಮೊದಲನೆಯದಾಗಿ ಕಂಪ್ರೆಸರ್ ಬಿಟ್ಟು ಬರೀ ರಿವರ್ಬ್, ಗೇಟ್ ಹಾಕೋದು. ಆಗ ಸಿಗೋದು ಕತ್ತರಿಸಿದ ರಿವರ್ಬ್ ಅಷ್ಟೇ, ಗೋಡೆ ಸಿಗಲ್ಲ. ರಿವರ್ಬ್ ಸ್ವಭಾವ ಇಳೀತಾ ಹೋಗೋದು, ಕಂಪ್ರೆಸರ್ ಅದನ್ನ ಎತ್ತಿ ಹಿಡಿದು ಸಮ ಮಾಡುತ್ತೆ, ಸಮ ಇದ್ದದ್ದು ಥಟ್ಟನೆ ನಿಂತಾಗಲೇ ಆ 'ಧಡ್'. ಇನ್ನೊಂದು, ಓವರ್‌ಹೆಡ್ ಮೈಕನ್ನೂ (ಡ್ರಮ್ ಸೆಟ್ ಮೇಲಿಂದ ಹಿಡಿಯೋದು) ರೂಮ್‌ಗೆ ಕಳಿಸೋದು. ಕ್ರ್ಯಾಶ್ ಸಿಂಬಲ್ ಮೂರ್ನಾಲ್ಕು ಸೆಕೆಂಡ್ ರಿಂಗಣಿಸುತ್ತೆ, ಕಂಪ್ರೆಸರ್ ಅದನ್ನ ಹಿಗ್ಗಿಸುತ್ತೆ, ಗೇಟ್ ಕತ್ತರಿಸುತ್ತೆ, ಕೇಳೋಕೆ ತಗಡಿನ ಶೀಟ್ ಹರಿದ ಹಾಗಿರುತ್ತೆ. ಗೇಬ್ರಿಯಲ್ ಸಿಂಬಲ್ ತೆಗೆಸಿದ್ದರ ಉಪಕಾರ ಈಗ ಅರ್ಥ ಆಯ್ತಲ್ಲ.

ಇಷ್ಟೆಲ್ಲ ತಾಪತ್ರಯ ಬೇಡ ಅಂದವರಿಗೆ ಆ ಕಾಲದಲ್ಲೇ ಡಬ್ಬಿ ಬಂತು, ಎಎಂಎಸ್ ಆರ್‌ಎಂಎಕ್ಸ್16. ಅದರ 'ನಾನ್‌ಲಿನ್' ಪ್ರೋಗ್ರಾಂ ಒತ್ತಿದರೆ ಮುಗೀತು. ಎಂಬತ್ತರ ದಶಕದ ಅರ್ಧ ಡ್ರಮ್‌ಗಳು ಒಂದೇ ಥರ ಕೇಳಿಸೋಕೆ ಆ ಗುಂಡಿಯೂ ಕಾರಣ.

'ಮಾಮಾ'ದ ಸದ್ದು ಬೇರೆ ಜಾತಿ, ಇದರ ಜೊತೆ ಬೆರೆಸಬೇಡಿ. ಅದು ರುದರ್‌ಫರ್ಡ್ ಲಿನ್‌ಡ್ರಮ್ ಅನ್ನೋ ಡ್ರಮ್ ಮೆಷಿನ್‌ನಲ್ಲಿ ಹಾಕಿದ ಪ್ಯಾಟರ್ನ್, ಗಿಟಾರ್ ಆ್ಯಂಪ್ ಮೂಲಕ ಜೋರಾಗಿ ಹಾಯಿಸಿದ್ದು. ಅದಕ್ಕೇ ಅಂಚು ಒಡೆದ ಹಾಗೆ ಕೇಳುತ್ತೆ. ಹುಬ್ಬಳ್ಳಿಯವರಿಗೆ ಒಂದು ಮಾತು: ಆ ಹಾಡಲ್ಲಿ ಯಂತ್ರ ಒಂದೇ ಸಮನೆ ಸುತ್ತುತ್ತಾ ಹೋಗುತ್ತೆ, ನಿಜವಾದ ಡ್ರಮ್ ಬರೋದು ನಾಲ್ಕು ನಿಮಿಷ ದಾಟಿದ ಮೇಲೆ. ಅಲ್ಲಿ ಏರಿಳಿತ ಕಟ್ಟಿದ್ದೇ ಯಂತ್ರದಿಂದ. ಬ್ರಿಟನ್ನಿನಲ್ಲಿ ಅವರ ಅತಿ ದೊಡ್ಡ ಸಿಂಗಲ್ ಅದೇ, 4ನೇ ಸ್ಥಾನ. ಜನ ಹಗುರವಾದ್ದನ್ನೇ ಕೊಳ್ತಾರೆ ಅನ್ನೋ ವಾದ ಅಲ್ಲಿ ನಿಲ್ಲಲ್ಲ.

ಬಿ ಸೈಡ್

ಕೇಳೋ ಕ್ರಮ ಬಾಕಿ ಇತ್ತು. ನಡುವಿನಿಂದ ಶುರು ಮಾಡಿ, 'ಡ್ಯೂಕ್'ನಿಂದ. ಅದರ ಆರು ಭಾಗಗಳನ್ನ ಮೊದಲು ಒಂದೇ ಉದ್ದ ರಚನೆಯಾಗಿ ಯೋಚಿಸಿದ್ದರು. ಇನ್ನೊಂದು 'ಸಪ್ಪರ್ಸ್ ರೆಡಿ' ಅಂತ ಹೋಲಿಸ್ತಾರೆ ಅನ್ನೋ ಅಳುಕಿಗೆ ಒಡೆದು ಆಲ್ಬಂ ತುಂಬ ಹರಡಿದರು. 1980ರ ಕಛೇರಿಗಳಲ್ಲಿ ಒಟ್ಟಿಗೇ ನುಡಿಸಿದರು. ಆಲ್ಬಂನ 1, 2, 3, 7, 11, 12ನೇ ಟ್ರ್ಯಾಕ್ ಹೆಕ್ಕಿ ಅದೇ ಕ್ರಮದಲ್ಲಿ ಪ್ಲೇಲಿಸ್ಟ್ ಮಾಡಿ: 'ಬಿಹೈಂಡ್ ದ ಲೈನ್ಸ್', 'ಡಚೆಸ್', 'ಗೈಡ್ ವೋಕಲ್', 'ಟರ್ನ್ ಇಟ್ ಆನ್ ಅಗೇನ್', 'ಡ್ಯೂಕ್ಸ್ ಟ್ರಾವೆಲ್ಸ್', 'ಡ್ಯೂಕ್ಸ್ ಎಂಡ್'. ಸುಮಾರು 28 ನಿಮಿಷ. 13 ಅಕ್ಷರದ ಆ 'ಪಾಪ್' ಹಾಡು ನಡುವೆ ಕೂತಾಗ ಅದು ಪಾಪ್ ಅನ್ನಿಸೋದೇ ಇಲ್ಲ. ಕೊನೆಯಲ್ಲಿ ಮೊದಲ ಹಾಡಿನ ಪಲ್ಲಕ್ಕಿ ಮತ್ತೆ ಬರುತ್ತೆ.

ಆ್ಯಪ್‌ನಲ್ಲಿ ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದ್ದು) ಆನ್ ಇರಲಿ, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆ ಮೇಲೆ ಇನ್ನೊಂದನ್ನ ಬೆರೆಸೋದು) 0 ಇರಲಿ. ಮೊದಲ ಮೂರು ಒಂದಕ್ಕೊಂದು ಅಂಟಿಕೊಂಡಿವೆ. ಕ್ರಾಸ್‌ಫೇಡ್ 5 ಸೆಕೆಂಡ್ ಇದ್ದರೆ 'ಡಚೆಸ್' ಶುರುವಿನ ಆ ಮೆಲ್ಲನೆ ಟಿಕ್-ಟಕ್ ಹಿಂದಿನ ಹಾಡಿನ ಕೆಳಗೆ ಮುಳುಗಿಹೋಗುತ್ತೆ. ಕೇಳಬೇಕಾದ್ದೇ ಅದು.

ಅಲ್ಲಿಂದ ಒಮ್ಮೆ ಹಿಂದೆ, 1973ರ 'ದ ಸಿನೆಮಾ ಶೋ' (ಉತ್ತರಾರ್ಧ ಪೂರ್ತಿ 7/8, ಮಿಶ್ರ ಛಾಪು ಹಾಕಿಕೊಂಡು ಕೂರಿ). ಆಮೇಲೆ ಮುಂದೆ: 'ಆ್ಯಬಕ್ಯಾಬ್' ಶೀರ್ಷಿಕೆ ಹಾಡು, 'ಮಾಮಾ', ಕೊನೆಗೆ 'ಡಾಮಿನೊ'. 'ಟುನೈಟ್, ಟುನೈಟ್, ಟುನೈಟ್' ಕೇಳೋದಾದರೆ ಆಲ್ಬಂನಲ್ಲಿರೋ ಸುಮಾರು 9 ನಿಮಿಷದ್ದು, ರೇಡಿಯೊಗೆ ಅರ್ಧಕ್ಕರ್ಧ ಕತ್ತರಿಸಿದ್ದು ಬೇಡ. ಅಮೆರಿಕದಲ್ಲಿ ಆ 'ಇನ್‌ವಿಸಿಬಲ್ ಟಚ್' ಆಲ್ಬಂನ ಐದು ಸಿಂಗಲ್ ಮೊದಲ ಐದರೊಳಗೆ ಹೋದವು, ಹಾಗಾಗಿ ಎಲ್ಲ ಪ್ಲೇಲಿಸ್ಟ್‌ನಲ್ಲೂ ಚಿಕ್ಕ ರೂಪಗಳೇ ಎದುರಾಗ್ತವೆ. ಜೆನೆಸಿಸ್ ಹಗುರ ಅಂತ ಅನ್ನಿಸೋದರಲ್ಲಿ ಆ ಕತ್ತರಿಯ ಪಾಲೂ ಇದೆ.

ಇನ್ನೊಂದು. ಸ್ಟ್ರೀಮಿಂಗ್‌ನಲ್ಲಿ ಹೆಸರಿನ ಪಕ್ಕ 2007 ಅಂತ ಇದ್ದರೆ ಅದು ನಿಕ್ ಡೇವಿಸ್ ಮತ್ತೆ ಮಿಕ್ಸ್ ಮಾಡಿದ ಸರಣಿ. ಸದ್ದಿನ ಮಟ್ಟ ಹಳೆಯದಕ್ಕಿಂತ ಜೋರು. ಏರಿಳಿತ ಕಮ್ಮಿಯಾಯ್ತು ಅಂತ ಗೊಣಗೋರು ಬಹಳ. 1994ರ 'ಡೆಫಿನಿಟಿವ್ ಎಡಿಷನ್' ಸೀಡಿಗಳು ಹಳೇ ಮಿಕ್ಸ್, ಮಾಸ್ಟರಿಂಗ್ ಮಾತ್ರ ಹೊಸದು. 1972 ಮತ್ತು 1986ನ್ನ ಹೋಲಿಸುವಾಗ ಎರಡೂ ಒಂದೇ ಸರಣಿಯದ್ದಿರಲಿ, ಆ್ಯಪ್‌ನ ವಾಲ್ಯೂಮ್ ನಾರ್ಮಲೈಸೇಶನ್ (ಹಾಡುಗಳ ಸದ್ದಿನ ಮಟ್ಟ ಸಮ ಮಾಡೋದು) ಆನ್ ಇರಲಿ. ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿ ಮೋಸಹೋಗುತ್ತೆ.

ಹುಬ್ಬಳ್ಳಿ ಬೇಸ್

ಪಲ್ಲಕ್ಕಿ ಅಲ್ರಿ, ಪಲ್ಲವಿ. 'ಡ್ಯೂಕ್ಸ್ ಎಂಡ್' ಜೋರ್ ಐತಿ ಖರೆ, ಹೊತಗೊಂಡು ಹೋಗೂವಷ್ಟಲ್ಲ.

ಬಿ ಸೈಡ್

ಕೀಬೋರ್ಡ್ ಆಟೊಕರೆಕ್ಟ್. ಇರಲಿ ಬಿಡಿ, ಅಳಿಸಲ್ಲ.

ಎರಡನೇ ಸಾಲು

ಫೇಡರ್ ಹೇಳಿದ ಹಾಗೆ ಹಾಕಿದೆ. 'ಧಡ್' ಬಂತು. ಆದರೆ ಸ್ನೇರ್ ಇಲ್ಲದ ಕಡೆಯೂ ಗೇಟ್ ಪಟಪಟ ತೆರೀತಿದೆ, ಹೈಹ್ಯಾಟ್ (ಜೋಡಿ ಸಿಂಬಲ್) ಪೆಟ್ಟಿಗೆಲ್ಲ ರೂಮ್ ಉಗುಳ್ತಿದೆ.

ಫೇಡರ್

ಸ್ನೇರ್ ಮೈಕಿಗೆ ಹೈಹ್ಯಾಟ್ ಸೋರಿದೆ, ಅದೇ ಬೀಗ ತೆಗೀತಿದೆ. ರಿಯಾಗೇಟ್‌ನಲ್ಲೇ ಡಿಟೆಕ್ಟರ್‌ಗೆ ಲೋಪಾಸ್ (ತೀಕ್ಷ್ಣ ಸದ್ದು ಸೋಸೋದು), ಹೈಪಾಸ್ (ಗಡುಸು ಕೆಳಸದ್ದು ಸೋಸೋದು) ಇವೆ. ಲೋಪಾಸ್ 2,000 ಹರ್ಟ್ಜ್‌ಗೆ ಇಳಿಸಿ, ಹ್ಯಾಟಿನ ಶಕ್ತಿ ಬಹುಪಾಲು ಅದಕ್ಕಿಂತ ಮೇಲಿರುತ್ತೆ. ಹೈಪಾಸ್ 120ಕ್ಕೆ ಏರಿಸಿ, ಕಿಕ್ ತೆರೆಯಲ್ಲ. ಇದು ಗೇಟ್ ಏನನ್ನ ಕೇಳಿಸಿಕೊಂಡು ತೆರೆಯಬೇಕು ಅನ್ನೋದನ್ನ ಮಾತ್ರ ಬದಲಿಸುತ್ತೆ, ಹೊರಬರೋ ಸದ್ದನ್ನಲ್ಲ, ಧೈರ್ಯವಾಗಿ ತಿರುಗಿಸಿ. ಹಿಸ್ಟರೆಸಿಸ್ (ಗೇಟ್ ತೆರೆಯೋ, ಮುಚ್ಚೋ ಮಟ್ಟಗಳ ಅಂತರ) -6 ಡೆಸಿಬೆಲ್ ಇಟ್ಟರೆ ಪಟಪಟ ನಿಲ್ಲುತ್ತೆ. ಆಮೇಲೂ ಹ್ಯಾಟ್ ತೆರೆದರೆ ಥ್ರೆಶೋಲ್ಡನ್ನ ಒಂದೊಂದೇ ಡೆಸಿಬೆಲ್ ಏರಿಸುತ್ತಾ ಹೋಗಿ, ಮೆಲ್ಲಗಿನ ಸ್ನೇರ್ ಪೆಟ್ಟು ತಪ್ಪೋಕೆ ಶುರುವಾದ ಕಡೆ ಒಂದು ಹೆಜ್ಜೆ ಹಿಂದೆ ಬನ್ನಿ.